ಅಟ್ಟೆ ಬದಲಿಸಬಹುದಾದ ಸ್ನೀಕರ್ ಯಾವಾಗ?

ವಡೋದರಾದ ಆಲ್ಕಾಪುರಿಯಿರಲಿ, ನಮ್ಮ ಹುಬ್ಬಳ್ಳಿಯಿರಲಿ, ಸ್ನೀಕರ್ ಈಗ ಆಟದ ಮೈದಾನಕ್ಕಷ್ಟೇ ಸೀಮಿತವಲ್ಲ. ಆಫೀಸಿಗೂ ಅದೇ, ಮದುವೆ ಮನೆಗೂ ಅದೇ. ಗುಜರಾತಿಗಂತೂ ಅದರೊಂದಿಗೆ ಇನ್ನೂ ಹತ್ತಿರದ ನಂಟು. ಸೂರತ್‌ನ ಮಗ್ಗಗಳು ನೇಯುವ ಪಾಲಿಯೆಸ್ಟರ್, 1969ರಲ್ಲಿ ಇಂಡಿಯನ್ ಪೆಟ್ರೋಕೆಮಿಕಲ್ಸ್ ಕಾರ್ಪೊರೇಷನ್ (ಐಪಿಸಿಎಲ್) ಹುಟ್ಟಿದ ಮೇಲೆ ವಡೋದರಾದಲ್ಲಿ ಬೆಳೆದ ಪೆಟ್ರೋಕೆಮಿಕಲ್ ಉದ್ಯಮ: ಸ್ನೀಕರ್‌ನ ಮೈಯೆಲ್ಲ ಈ ಜಾತಿಯ ಸರಕೇ.

ಹಳೆಯದೊಂದನ್ನು ಅಡ್ಡಕ್ಕೆ ಕೊಯ್ದು ನೋಡಿ. ಮೇಲೆ ಜಾಳು ಬಟ್ಟೆ, ಒಳಗೆ ಸ್ಪಂಜು, ನಡುವೆ ಇವಿಎ ಫೋಮ್, ತಳಕ್ಕೆ ರಬ್ಬರ್. ಎಲ್ಲವನ್ನೂ ಹಿಡಿದಿರುವುದು ಅಂಟು. ಎಳೆದರೆ ಫೋಮ್ ಹರಿದೀತೇ ಹೊರತು ಅಂಟು ಬಿಡದು. ಆ ಫೋಮನ್ನು ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯುವುದೂ ಸುಲಭವಲ್ಲ. ಓಟದ ಶೂ ಒಂದು ಜೊತೆಗೆ 65 ಬಿಡಿಭಾಗ, 360ಕ್ಕೂ ಹೆಚ್ಚು ಹಂತಗಳ ಕೆಲಸ, ಸುಮಾರು 14 ಕಿಲೊ ಇಂಗಾಲದ ಡೈಆಕ್ಸೈಡ್ ಎಂದು ಅಮೆರಿಕದ ಎಂಐಟಿ 2013ರಲ್ಲಿ ಲೆಕ್ಕ ಕೊಟ್ಟಿತು. ಅದರಲ್ಲಿ ಹೆಚ್ಚಿನ ಪಾಲು ಉತ್ಪಾದನೆಯ ಹಂತದ್ದೇ. ಅಂದರೆ ಶೂ ಕಾಲಿಗೆ ಬರುವ ಮೊದಲೇ ಹಾನಿ ಆಗಿಹೋಗಿರುತ್ತದೆ. ಕೊಂಡದ್ದನ್ನು ಎಷ್ಟು ವರ್ಷ ಹಾಕುತ್ತೇವೆ ಎಂಬುದೊಂದೇ ನಮ್ಮ ಕೈಲಿರುವುದು.

ಪ್ರಯತ್ನಗಳು ನಡೆದಿವೆ. ಆಶಯ್ ಭವೆ ಅವರ ‘ಥೈಲಿ’ ಕಂಪನಿ ಪ್ಲಾಸ್ಟಿಕ್ ಚೀಲ, ಬಾಟಲಿಗಳಿಂದಲೇ ಸ್ನೀಕರ್ ಮಾಡಿತು. ಮುಂಬಯಿಯಲ್ಲಿ ಶ್ರಿಯಾನ್ಸ್ ಭಂಡಾರಿ, ರಮೇಶ್ ಧಾಮಿ ಎಂಬ ಇಬ್ಬರು ಓಟಗಾರರು ಕಟ್ಟಿದ ‘ಗ್ರೀನ್‌ಸೋಲ್’ ಹಳೆಯ ಶೂಗಳ ಅಟ್ಟೆಯಿಂದ ಚಪ್ಪಲಿ ಮಾಡಿ ಬರಿಗಾಲಿನ ಶಾಲಾಮಕ್ಕಳಿಗೆ ಕೊಡುತ್ತದೆ. ಎರಡನೆಯದೇ ನನಗೆ ಹೆಚ್ಚು ಮೆಚ್ಚುಗೆ. ಹೊಸದನ್ನು ಮಾರುವ ಬದಲು ಇದ್ದದ್ದನ್ನು ಬಾಳಿಸುತ್ತದೆ.

ಬಾಳಿಸುವ ವಿದ್ಯೆ ನಮ್ಮ ಅಥಣಿಯವರಿಗೆ ಗೊತ್ತು. ಅಲ್ಲಿಯ ಕೊಲ್ಹಾಪುರಿ ಚಪ್ಪಲಿಗೆ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಚರ್ಮ. ಹೊಲಿಗೆಗೂ ಚರ್ಮದ ದಾರವೇ. ಮೊಳೆಯಿಲ್ಲ. ಸವೆದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬಹುದು. 2019ರಲ್ಲಿ ಸಿಕ್ಕ ಭೌಗೋಳಿಕ ಸೂಚ್ಯಂಕ ಮಾನ್ಯತೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆ. ಈ ಚಪ್ಪಲಿ ಮಳೆಗಾಲಕ್ಕೆ ಆಗದು, ಓಟಕ್ಕಂತೂ ಅಲ್ಲವೇ ಅಲ್ಲ. ಆದರೆ ಬಿಚ್ಚಿ ಕಟ್ಟುವ ಆ ಕ್ರಮವನ್ನು ಸ್ನೀಕರ್ ವಿನ್ಯಾಸಕರು ಕಲಿಯಲೇಬೇಕು.

ಮುಂದಿನ ಸಲ ಅಂಗಡಿಗೆ ಹೋದಾಗ ‘ಪರಿಸರಸ್ನೇಹಿ’ ಚೀಟಿ ಓದಿ ಸುಮ್ಮನಾಗಬೇಡಿ. ಸವೆದರೆ ಅಟ್ಟೆ ಬದಲಿಸಿ ಕೊಡುತ್ತೀರಾ ಎಂದು ಕೇಳಿ.