ಹಿಂಜರಿಕೆಗೆ ಎಷ್ಟು ಅಂಕ?

ಮಗುವಿಗೆ ಲಸಿಕೆ ಹಾಕಿಸಲು ಹಿಂದೆಮುಂದೆ ನೋಡುವ ಅಪ್ಪ ಅಮ್ಮಂದಿರೆಲ್ಲ ಲಸಿಕೆಯ ವಿರೋಧಿಗಳಲ್ಲ. ಒಂದೂವರೆ ತಿಂಗಳ ಸೂಜಿ ಹಾಕಿಸಿ, ರಾತ್ರಿಯೆಲ್ಲ ಮಗು ಜ್ವರದಲ್ಲಿ ಅತ್ತದ್ದು ಕಂಡು ಮುಂದಿನದನ್ನು ಮುಂದೂಡುವವರಿದ್ದಾರೆ. ಎಲ್ಲವನ್ನೂ ಹಾಕಿಸಿಯೂ ಒಳಗೊಳಗೇ ಅಳುಕುವವರಿದ್ದಾರೆ. ತಾಯಿ ಕಾರ್ಡಿನಲ್ಲಿ ಸೂಜಿಯ ತಾರೀಖು ಸಿಗುತ್ತದೆ, ಅಳುಕು ಸಿಗುವುದಿಲ್ಲ.

ಆ ಅಳುಕನ್ನು ಅಳೆಯಲೆಂದೇ ಅಮೆರಿಕದ ಸಿಯಾಟಲ್‌ನ ಮಕ್ಕಳ ವೈದ್ಯ ಡಗ್ಲಸ್ ಓಪೆಲ್ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿ ರೂಪಿಸಿ 2011ರಲ್ಲಿ ಪ್ರಕಟಿಸಿದರು. ಅದರಲ್ಲಿರುವುದು 15 ಪ್ರಶ್ನೆಗಳು. ಕಾಯಿಲೆ, ಅಲರ್ಜಿಯ ಕಾರಣವಿಲ್ಲದೆ ಎಂದಾದರೂ ಲಸಿಕೆ ಮುಂದೂಡಿದ್ದೀರಾ? ಮಕ್ಕಳಿಗೆ ಅಗತ್ಯಕ್ಕಿಂತ ಹೆಚ್ಚು ಚುಚ್ಚುತ್ತಾರೆಯೇ? ನಿಮ್ಮ ಮಗುವಿನ ವೈದ್ಯರ ಮೇಲೆ ಎಷ್ಟು ನಂಬಿಕೆಯಿದೆ? ಹೀಗೆ ಸಾಗುತ್ತವೆ. ಹಿಂಜರಿಕೆ ತೋರುವ ಉತ್ತರಕ್ಕೆ 2 ಅಂಕ, ತೋರದಿದ್ದರೆ ಸೊನ್ನೆ. ‘ಖಚಿತವಿಲ್ಲ’ ಎಂದವರಿಗೆ 1. ಆ ಒಂದು ಅಂಕವೇ ನನಗೆ ಈ ಅಳತೆಯ ಜಾಣತನವಾಗಿ ಕಾಣುತ್ತದೆ. ಡೋಲಾಯಮಾನ ಮನಸ್ಸನ್ನು ಅದು ಹೌದು ಅಥವಾ ಅಲ್ಲ ಎಂಬ ಖಾನೆಗೆ ಬಲವಂತವಾಗಿ ತಳ್ಳುವುದಿಲ್ಲ. ಕೂಡಿಬಂದ ಮೊತ್ತವನ್ನು ನೂರಕ್ಕೆ ಇಷ್ಟು ಎಂದು ಬದಲಿಸುತ್ತಾರೆ. 50 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹಿಂಜರಿಯುವ ಪೋಷಕರು ಎಂದು ಲೆಕ್ಕ.

ಆದರೆ ಬಾಯಲ್ಲಿ ಹೇಳುವುದು ಒಂದು, ಮಾಡುವುದು ಇನ್ನೊಂದು ಆಗಬಹುದಲ್ಲ? ಅದಕ್ಕಾಗಿ ತಂಡ, ಎರಡು ತಿಂಗಳ ಮಕ್ಕಳ ಪೋಷಕರಿಂದ ಉತ್ತರ ಪಡೆದು, ಆ ಮಕ್ಕಳಿಗೆ 19 ತಿಂಗಳು ತುಂಬುವವರೆಗಿನ ಲಸಿಕೆ ದಾಖಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿತು. ಬಾಕಿ ಉಳಿದ ಲಸಿಕೆಗಳನ್ನಲ್ಲ, ಮಗು ರಕ್ಷಣೆಯಿಲ್ಲದೆ ಕಳೆದ ದಿನಗಳನ್ನು ಎಣಿಸಿದರು. 2013ರಲ್ಲಿ ಬಂದ ಫಲಿತಾಂಶದ ಪ್ರಕಾರ, 50ಕ್ಕಿಂತ ಕಡಿಮೆ ಅಂಕದವರಿಗೆ ಹೋಲಿಸಿದರೆ, 50ರಿಂದ 69 ಅಂಕದವರ ಮಕ್ಕಳಲ್ಲಿ ಇಂಥ ದಿನಗಳ ಪಾಲು ಶೇ. 8.3ರಷ್ಟು ಹೆಚ್ಚು, 70 ಮತ್ತು ಮೇಲಿನವರ ಮಕ್ಕಳಲ್ಲಿ ಶೇ. 46.8ರಷ್ಟು ಹೆಚ್ಚು. ಎಂದರೆ, ಮಗು ಇನ್ನೂ ಎಳೆಯದಿರುವಾಗಲೇ ಯಾರ ಜೊತೆ ಕೂತು ಮಾತಾಡಬೇಕೆಂಬ ಸುಳಿವು ವೈದ್ಯರಿಗೆ ಸಿಗುತ್ತದೆ.

ಅಳುಕು ನಮಗೂ ಹೊಸದಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿ ಕೆಲವೆಡೆ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಶುರುವಾದಾಗ ವಾಟ್ಸ್‌ಆ್ಯಪ್‌ನಲ್ಲಿ ವದಂತಿ ಹಬ್ಬಿ, ಶಾಲೆಗಳಲ್ಲಿ ಶಿಕ್ಷಕರು, ಆರೋಗ್ಯ ಸಿಬ್ಬಂದಿ ಪೋಷಕರ ಮನವೊಲಿಸಬೇಕಾಯಿತು.

ಹಾಗೆಂದು ಸಿಯಾಟಲ್ ಪ್ರಶ್ನಾವಳಿಯನ್ನು ಕನ್ನಡಕ್ಕಿಳಿಸಿ ಹಂಚಿದರೆ ಕೆಲಸ ಮುಗಿಯದು. ಅಲ್ಲಿ ಉತ್ತರಿಸಿದವರು ಒಂದೇ ಆರೋಗ್ಯ ವ್ಯವಸ್ಥೆಯ ಸದಸ್ಯರು. ವೈದ್ಯರು ಅವರ ಕೈಗೆಟುಕುವಂತಿದ್ದರು. ನಮ್ಮಲ್ಲಿ ಲಸಿಕೆ ತಪ್ಪಲು ಒಂದು ದಿನದ ಕೂಲಿ, ಬಾರದ ಬಸ್ಸು, ಬಾಣಂತನಕ್ಕೆ ತವರಿಗೆ ಹೋದದ್ದು, ಇವೂ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ 2014ರ ವ್ಯಾಖ್ಯಾನವೂ ಸೇವೆ ಲಭ್ಯವಿದ್ದೂ ತಡಮಾಡುವುದನ್ನು ಅಥವಾ ನಿರಾಕರಿಸುವುದನ್ನು ಮಾತ್ರ ಹಿಂಜರಿಕೆ ಎನ್ನುತ್ತದೆ. ಬಸ್ಸು ಸಿಗದ ತಾಯಿಗೂ ಎರಡು ಅಂಕ ಕೊಡುವ ಪ್ರಶ್ನಾವಳಿ ಅವಳ ಮನಸ್ಸನ್ನು ಅಳೆದಂತಾಗುವುದಿಲ್ಲ.