ಮುಟ್ಟಲಾಗದ ಮೈವಳಿಕೆ: ಬೆಕ್‌ಶಿನ್‌ಸ್ಕಿಯ ಗಣಕಚಿತ್ರಗಳನ್ನು ಕುರಿತು

ಚಿತ್ರಕಲೆಯ ವಿಮರ್ಶೆಯಲ್ಲಿ 'ಮೈವಳಿಕೆ' ಎಂಬ ಮಾತು ಬಳಕೆಯಲ್ಲಿದೆ. ವಸ್ತುವಿನ ಹೊರಮೈಯ ನುಣುಪು, ಒರಟು, ಸುಕ್ಕು, ಬಿರುಕು ಮುಂತಾದ ಗುಣಗಳನ್ನು ಅದು ಸೂಚಿಸುವುದು. ಬಣ್ಣವು ಕಣ್ಣಿಗೆ ಮಾತ್ರ ಗೋಚರವಾದರೆ, ಮೈವಳಿಕೆಯು ಕಣ್ಣಿನ ಮೂಲಕವೇ ಸ್ಪರ್ಶದ ಅನುಭವವನ್ನೂ ಎಚ್ಚರಗೊಳಿಸುವುದು. ಗಣಕಯಂತ್ರದಲ್ಲಿ ರಚಿತವಾದ ಚಿತ್ರಕ್ಕಾದರೋ ಮುಟ್ಟಬಹುದಾದ ಮೈಯೇ ಇಲ್ಲ. ಅದು ಅಂಕಿಗಳ ಒಂದು ಪಟ್ಟಿ. ಹಾಗಿದ್ದ ಮೇಲೆ ಅಂಥ ಚಿತ್ರಕ್ಕೆ ಮೈವಳಿಕೆಯುಂಟೆ? ಉಂಟೆಂದರೆ ಅದು ಎಲ್ಲಿಂದ ಬಂದಿತು? ಇವು ಕೇವಲ ತರ್ಕದ ಪ್ರಶ್ನೆಗಳಲ್ಲ. ಇಂಥ ಕೃತಿಗಳನ್ನು ಹೇಗೆ ಪರೀಕ್ಷಿಸಬೇಕು, ಮುಂದಿನವರಿಗಾಗಿ ಏನನ್ನು ಕಾಪಾಡಿಡಬೇಕು ಎಂಬುದು ಇವುಗಳ ಉತ್ತರವನ್ನೇ ಅವಲಂಬಿಸಿದೆ. ಪೋಲೆಂಡ್ ದೇಶದ ಕಲಾವಿದ ಜ್ಜಿಸ್ವಾಫ್ ಬೆಕ್‌ಶಿನ್‌ಸ್ಕಿಯ ಕೃತಿಗಳ ಆಧಾರದ ಮೇಲೆ ಈ ವಿಷಯವನ್ನು ಇಲ್ಲಿ ವಿವೇಚಿಸುತ್ತೇವೆ.

ಬೆಕ್‌ಶಿನ್‌ಸ್ಕಿಯು ೧೯೨೯ರಲ್ಲಿ ಪೋಲೆಂಡಿನ ಆಗ್ನೇಯ ಭಾಗದಲ್ಲಿರುವ ಸಾನೋಕ್ ಎಂಬ ಊರಿನಲ್ಲಿ ಜನಿಸಿದನು. ಕ್ರಾಕೋವ್ ನಗರದಲ್ಲಿ ವಾಸ್ತುಶಿಲ್ಪವನ್ನು ವ್ಯಾಸಂಗ ಮಾಡಿ, ೧೯೫೫ರಲ್ಲಿ ಹುಟ್ಟೂರಿಗೆ ಹಿಂದಿರುಗಿ, ಕಟ್ಟಡದ ಕಾಮಗಾರಿಗಳ ಮೇಲ್ವಿಚಾರಕನಾಗಿ ಕೆಲಸ ಮಾಡಿದನು. ಚಿತ್ರಕಲೆಯಲ್ಲಿ ಈತನಿಗೆ ವಿಧಿವತ್ತಾದ ಶಿಕ್ಷಣ ದೊರೆತಿರಲಿಲ್ಲ. ಮೊದಲು ಛಾಯಾಚಿತ್ರ, ಬಳಿಕ ಶಿಲ್ಪ ಮತ್ತು ಉಬ್ಬುಚಿತ್ರ, ಆಮೇಲೆ ತೈಲವರ್ಣ, ಕೊನೆಗೆ ಗಣಕಯಂತ್ರ—ಹೀಗೆ ಈತನ ಸಾಧನೆ ಮಾಧ್ಯಮದಿಂದ ಮಾಧ್ಯಮಕ್ಕೆ ಸಾಗಿತು. ೧೯೬೪ರಲ್ಲಿ ವಾರ್ಸಾದಲ್ಲಿ ನಡೆದ ಪ್ರದರ್ಶನದಿಂದ ಈತನ ಹೆಸರು ಪ್ರಸಿದ್ಧಿಗೆ ಬಂದಿತು. ೧೯೭೭ರಲ್ಲಿ ಆ ನಗರಕ್ಕೆ ವಾಸವನ್ನು ಬದಲಿಸುವ ಮುನ್ನ ತನ್ನ ಕೆಲವು ಕೃತಿಗಳನ್ನು ಮನೆಯ ಹಿತ್ತಿಲಲ್ಲಿ ತಾನೇ ಸುಟ್ಟುಹಾಕಿದನು. ತೊಂಬತ್ತರ ದಶಕದ ಕೊನೆಯಲ್ಲಿ ಗಣಕಯಂತ್ರದ ಕಡೆಗೆ ತಿರುಗಿ, ೨೦೦೫ರಲ್ಲಿ ಹತನಾಗುವವರೆಗೂ ಅದನ್ನು ಬಿಡಲಿಲ್ಲ.

ಈ ಮಾಧ್ಯಮಗಳನ್ನೆಲ್ಲ ಒಂದಾಗಿ ಬೆಸೆದ ವಸ್ತುವೇ ಮೈವಳಿಕೆ. ಐವತ್ತರ ದಶಕದ ಛಾಯಾಚಿತ್ರಗಳಲ್ಲಿ ಸುಕ್ಕುಗಟ್ಟಿದ ಮೈ, ಒರಟಾದ ಹಿನ್ನೆಲೆಯ ಮುಂದಿನ ಮುಖ, ಬರಿದಾದ ನೆಲ ಕಂಡುಬರುವುವು. ಶಿಲ್ಪಗಳಿಗಾಗಿ ಆತನು ಕಟ್ಟಡದ ಕೆಲಸದ ಸಾಮಗ್ರಿಗಳನ್ನೇ ಬಳಸಿದನು. ಅಲ್ಲಿ ಒರಟು ನಿಜವಾಗಿಯೇ ಕೈಗೆ ತಾಗುವಂಥದು. ಹಾರ್ಡ್‌ಬೋರ್ಡಿನ ಮೇಲೆ ರಚಿಸಿದ ತೈಲಚಿತ್ರಗಳಲ್ಲಿ ಈ ಸ್ಥಿತಿ ಬದಲಾಯಿತು. ಎಲುಬು, ಜೀರ್ಣವಾದ ಬಟ್ಟೆ, ಸವೆದ ಕಲ್ಲು, ಬಲೆಯಂತೆ ಹೆಣೆದ ನರಗಳು—ಇವೆಲ್ಲ ಬಣ್ಣವನ್ನು ದಪ್ಪನಾಗಿ ಮೆತ್ತಿದ್ದರಿಂದ ಹುಟ್ಟಿದುವಲ್ಲ; ಬಹುಮಟ್ಟಿಗೆ ಸೂಕ್ಷ್ಮವಾದ ಕುಂಚದ ಕೆಲಸದಿಂದ ಹುಟ್ಟಿದ ಭ್ರಮೆಗಳು. ಕನಸುಗಳ ಛಾಯಾಚಿತ್ರ ತೆಗೆದಂತೆ ಚಿತ್ರ ಬರೆಯಬೇಕೆಂಬುದು ತನ್ನ ಆಶಯವೆಂದು ಆತನು ಹೇಳಿಕೊಂಡಿದ್ದುದು ಪ್ರಸಿದ್ಧವಾಗಿದೆ. ಹೀಗೆ, ಗಣಕಯಂತ್ರವು ಕೈಗೆ ಬರುವ ಎಷ್ಟೋ ಮೊದಲೇ ಮೈವಳಿಕೆಯು ಆತನಲ್ಲಿ ಮುಟ್ಟುವ ವಸ್ತುವಾಗಿರದೆ ಕಾಣುವ ವಸ್ತುವಾಗಿತ್ತು.

ಆದರೂ ಒಂದು ಮುಖ್ಯ ಭೇದವನ್ನು ಮರೆಯಲಾಗದು. ತೈಲಚಿತ್ರದ ಬಿರುಕನ್ನು ಕಲಾವಿದನು ಕಲ್ಪಿಸಿ ಬರೆಯುತ್ತಾನೆ. ಗಣಕಚಿತ್ರದ ಬಿರುಕು ಬಹುಶಃ ನಿಜವಾದ ಯಾವುದೋ ಗೋಡೆಯ ಛಾಯಾಚಿತ್ರದಿಂದ ಬಂದುದು. ಅತಿವಾಸ್ತವ ಪಂಥದ ಮ್ಯಾಕ್ಸ್ ಅರ್ನ್‌ಸ್ಟ್ ೧೯೨೫ರಲ್ಲಿ ಮರದ ನೆಲಹಾಸಿನ ಮೇಲೆ ಕಾಗದವನ್ನಿರಿಸಿ ಸೀಸದ ಕಡ್ಡಿಯಿಂದ ಉಜ್ಜಿ, ಹಲಗೆಯ ಗೆರೆಗಳನ್ನು ಎತ್ತಿಕೊಂಡು, ಅವುಗಳಲ್ಲಿ ಕಾಡುಗಳನ್ನೂ ಪ್ರಾಣಿಗಳನ್ನೂ ಕಂಡನು. ಶಾಸನಗಳ ಪಡಿಯಚ್ಚು ತೆಗೆಯುವ ಕ್ರಮವನ್ನು ಬಲ್ಲ ನಮ್ಮ ವಾಚಕರಿಗೆ ಇದು ಅಪರಿಚಿತವಲ್ಲ. ಶಾಸನತಜ್ಞನು ಕಲ್ಲಿನ ಮೇಲೆ ಇದ್ದುದನ್ನೇ ಓದಲು ಬಯಸುವನು. ಅರ್ನ್‌ಸ್ಟ್ ಇಲ್ಲದುದನ್ನು ಓದಲು ಬಯಸಿದನು. ಇಬ್ಬರ ಕೈಯಲ್ಲಿಯೂ ಕಾಗದದ ಮೇಲೆ ಉಳಿಯುವುದು ಒಂದು ನಿಜವಾದ ಮೈಯ ಗುರುತು. ಛಾಯಾಚಿತ್ರಗಳನ್ನು ಒಂದರೊಡನೊಂದು ಕೂಡಿಸಿ ರಚಿಸಿದ ಬೆಕ್‌ಶಿನ್‌ಸ್ಕಿಯ ಗಣಕಚಿತ್ರಗಳೂ ಈ ವರ್ಗಕ್ಕೇ ಸೇರತಕ್ಕವು ಎಂದು ನಾವು ಭಾವಿಸುತ್ತೇವೆ.

ಈ ಗುರುತು ಚಿತ್ರದೊಳಗೆ ಸೇರುವ ರೀತಿ ಸರಳವಾದುದು. ಗಣಕಚಿತ್ರವು ಸಣ್ಣ ಬಿಂದುಗಳ ಜೋಡಣೆ. ಸಾಮಾನ್ಯ ಪದ್ಧತಿಯಲ್ಲಿ ಪ್ರತಿ ಬಿಂದುವಿಗೂ ಕೆಂಪು, ಹಸುರು, ನೀಲಿಗಳಿಗೆ ೦ಯಿಂದ ೨೫೫ರವರೆಗಿನ ಒಂದೊಂದು ಅಂಕಿ ಇರುವುದು. ನೆರೆಯ ಬಿಂದುಗಳ ಬೆಳಕು ಅಡಿಗಡಿಗೆ ಏರಿಳಿದರೆ ಕಣ್ಣು ಅದನ್ನು ಒರಟೆಂದು ಗ್ರಹಿಸುವುದು. ನಿಧಾನವಾಗಿ ಬದಲಾದರೆ ನುಣುಪೆಂದು ಗ್ರಹಿಸುವುದು. ಒಂದು ಚಿತ್ರದ ಮೇಲೆ ಇನ್ನೊಂದನ್ನು ಪದರದಂತೆ ಹಾಸಿ ಅಂಕಿಗಳನ್ನು ಗುಣಿಸುವುದು ಪ್ರಚಲಿತವಾದ ಒಂದು ವಿಧಾನ. ನೂರಕ್ಕೆ ೮೦ರಷ್ಟು ಬೆಳಕುಳ್ಳ ಕೆನ್ನೆಯ ಬಿಂದುವಿನ ಮೇಲೆ ನೂರಕ್ಕೆ ೫೦ರಷ್ಟು ಬೆಳಕುಳ್ಳ ಗೋಡೆಯ ಬಿರುಕು ಬಂದರೆ ಫಲವು ನೂರಕ್ಕೆ ೪೦. ಕೆನ್ನೆಯ ಆಕಾರವೂ ಉಳಿಯುವುದು, ಬಿರುಕೂ ಅದರ ಮೈಯಾಗುವುದು.

ಇದು ಸುಲಭವಾದುದರಿಂದಲೇ ಪರೀಕ್ಷೆ ಅಗತ್ಯ. ಒರಟು ಕಾಣುವುದು ಓರೆಯಾಗಿ ಬೀಳುವ ಬೆಳಕಿನಿಂದ. ಮುಖದ ಮೇಲೆ ಬೆಳಕು ಎಡದಿಂದಲೂ ಗೋಡೆಯ ಮೇಲೆ ಬಲದಿಂದಲೂ ಬಿದ್ದಿದ್ದರೆ, ಬಿರುಕು ಚರ್ಮವಾಗದೆ ಮುಖಕ್ಕೆ ಹೊದಿಸಿದ ಕಾಗದವಾಗಿಯೇ ಉಳಿಯುವುದು. ಉಬ್ಬು ತಗ್ಗುಗಳನ್ನು ಅನುಸರಿಸಿ ಬಿರುಕು ಬಾಗದಿದ್ದರೂ ಹಾಗೆಯೇ. ಕನಸಿನ ಲೋಕವನ್ನು ಚಿತ್ರಿಸುವವನಿಗೆ ಈ ನಿಯಮ ಸಡಿಲವಾಗದು, ಬಿಗಿಯಾಗುವುದು. ಅಸಂಭವವಾದ ವಸ್ತುವನ್ನು ನಂಬಿಸಬೇಕಾದರೆ ಅದರ ಮೇಲಣ ಬೆಳಕಾದರೂ ಸಂಭವನೀಯವಾಗಿರಬೇಕು. ಗಣಕಚಿತ್ರದಲ್ಲಿ ಕೈಗಾರಿಕೆಯನ್ನು ಹುಡುಕಬೇಕಾದ ಸ್ಥಳ ಇದೇ.

ಇನ್ನು ಸಂರಕ್ಷಣೆಯ ಮಾತು. ತೈಲಚಿತ್ರದ ಮೈಯನ್ನು ಎಷ್ಟು ಹತ್ತಿರದಿಂದ ನೋಡಿದರೂ ಹೊಸ ವಿವರ ದೊರೆಯುವುದು. ಗಣಕಚಿತ್ರಕ್ಕೆ ಮಿತಿಯುಂಟು. ೩,೦೦೦ ಬಿಂದುಗಳ ಅಗಲವುಳ್ಳ ಚಿತ್ರವನ್ನು ೧೦ ಅಂಗುಲಕ್ಕೆ ಅಚ್ಚುಮಾಡಿದರೆ ಅಂಗುಲಕ್ಕೆ ೩೦೦ ಬಿಂದುಗಳು ಬರುವುವು; ೪೦ ಅಂಗುಲಕ್ಕೆ ಹಿಗ್ಗಿಸಿದರೆ ೭೫ ಮಾತ್ರ. ಆಗ ಸೂಕ್ಷ್ಮವಾದ ಬಿರುಕು ಮಸಕಾಗುವುದು. ಕಡತವನ್ನು ಚಿಕ್ಕದಾಗಿಸಿ ಉಳಿಸಿದರೆ ಮೊದಲು ನಾಶವಾಗುವುದೂ ಮೈವಳಿಕೆಯೇ. ಆಕಾರ, ಬಣ್ಣಗಳು ಹಾಗೆಯೇ ಇರುವುದರಿಂದ ಆ ನಷ್ಟ ಯಾರ ಗಮನಕ್ಕೂ ಬಾರದೆ ಹೋಗಬಹುದು. ಹಿತ್ತಿಲಲ್ಲಿ ಸುಟ್ಟ ಚಿತ್ರ ಹೋಯಿತೆಂಬುದು ಎಲ್ಲರಿಗೂ ತಿಳಿದಿದೆ. ಹೀಗೆ ಸವೆದ ಚಿತ್ರವಾದರೋ ಇನ್ನೂ ಇದೆಯೆಂದೇ ನಾವು ನಂಬಿರುತ್ತೇವೆ.

ಆದುದರಿಂದ ಇಂಥ ಕೃತಿಗಳನ್ನು ಸಂಗ್ರಹಿಸುವ ಸಂಸ್ಥೆಗಳು ಮೂಲ ಕಡತವನ್ನು ಕುಗ್ಗಿಸದೆ ಇರಿಸುವುದು, ಕಲಾವಿದನು ಒಪ್ಪಿದ ಅಚ್ಚಿನ ಅಳತೆಯನ್ನು ಬರೆದಿಡುವುದು, ಸಾಧ್ಯವಾದರೆ ಬಿಡಿ ಪದರಗಳನ್ನೂ ಮೂಲ ಛಾಯಾಚಿತ್ರಗಳನ್ನೂ ಕೇಳಿ ಪಡೆಯುವುದು ಅವಶ್ಯವೆಂದು ನಮ್ಮ ಅಭಿಪ್ರಾಯ. ಬೆಕ್‌ಶಿನ್‌ಸ್ಕಿಯ ಕೃತಿಗಳ ಬಹುದೊಡ್ಡ ಸಂಗ್ರಹ ಸಾನೋಕ್‌ನ ಐತಿಹಾಸಿಕ ವಸ್ತುಸಂಗ್ರಹಾಲಯದಲ್ಲಿದೆ. ಆತನ ಛಾಯಾಚಿತ್ರ, ತೈಲಚಿತ್ರ, ಗಣಕಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡುವವರಿಗೆ, ಕೊನೆಯ ಮಾಧ್ಯಮವು ಮೊದಲಿನವುಗಳಿಂದ ಕಡಿದುಹೋದುದಲ್ಲ, ಅವುಗಳ ಮುಂದುವರಿಕೆಯೇ ಎಂಬುದು ಸ್ಪಷ್ಟವಾಗುವುದು.