ಐದು ಕ್ವಾರ್ಕ್‌ಗಳ ಕಣದಿಂದ ನಮಗೆಂತ ಪ್ರಯೋಜನ?

ಕಳೆದ ಸಲ ಅಜ್ಜಾವರದ ಮನೆಗೆ ಹೋಗಿದ್ದಾಗ ಜಗಲಿಯಲ್ಲಿ ಕೂತು ಪೆಂಟಾಕ್ವಾರ್ಕ್ ಬಗ್ಗೆ ಓದುತ್ತಿದ್ದೆ. ಅದೇನೆಂದು ವಿವರಿಸಿದ ಮೇಲೆ ಮಾವ ಕೇಳಿದರು: "ಅದರಿಂದ ನಮ್ಮ ಅಡಿಕೆಯ ಹಳದಿ ರೋಗ ಗುಣ ಆಗ್ತದಾ ಮಾರಾಯ?"

ಆಗುವುದಿಲ್ಲ. ಆದರೂ ಅದು ಕೇಳಲೇಬೇಕಾದ ಪ್ರಶ್ನೆ. 2017ರಿಂದ ಭಾರತ ಜಿನೀವಾದ ಸರ್ನ್ ಪ್ರಯೋಗಾಲಯದ ಸಹಸದಸ್ಯ. ಅಲ್ಲಿಗೆ ಹೋಗುವುದು ನಮ್ಮ ತೆರಿಗೆ ಹಣ.

ಮೊದಲು ವಿಷಯ ಏನೆಂದು ನೋಡೋಣ. ಪ್ರೋಟಾನ್ ಎಂದರೆ ಮೂರು ಕ್ವಾರ್ಕ್‌ಗಳ ಗುಂಪು. ಮೆಸಾನ್‌ನಲ್ಲಿ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್. ದಶಕಗಳ ಕಾಲ ಸಿಕ್ಕ ಕಣಗಳೆಲ್ಲ ಈ ಎರಡೇ ಅಚ್ಚಿಗೆ ಹೊಂದುತ್ತಿದ್ದವು. ನಾಲ್ಕೋ ಐದೋ ಸೇರಬಾರದು ಎಂಬ ನಿಯಮವೇನೂ ಇರಲಿಲ್ಲ. ಕ್ವಾರ್ಕ್ ಎಂಬ ಹೆಸರು ಕೊಟ್ಟ ಮರ್ರಿ ಗೆಲ್‌ಮನ್ 1964ರಲ್ಲೇ ಆ ಸಾಧ್ಯತೆ ಹೇಳಿದ್ದರು. ಕಂಡಿರಲಿಲ್ಲ, ಅಷ್ಟೇ.

2003ರಲ್ಲಿ ಜಪಾನಿನ ಬೆಲ್ ಪ್ರಯೋಗದಲ್ಲಿ ಎಕ್ಸ್(3872) ಎಂಬ, ಅಚ್ಚಿಗೆ ಕೂರದ ಕಣ ಸಿಕ್ಕಿತು. ಅದೇ ವರ್ಷ 'ಐದರ ಕಣ ಸಿಕ್ಕಿತು' ಎಂಬ ಇನ್ನೊಂದು ಸುದ್ದಿಯೂ ಬಂತು. ಹಲವು ತಂಡಗಳು ಹೌದೆಂದವು. ಹೆಚ್ಚು ದತ್ತಾಂಶ ಸೇರಿಸಿ ನೋಡಿದಾಗ ಅದು ಮಾಯ! ಗಟ್ಟಿ ಪುರಾವೆ ಬಂದದ್ದು 2015ರಲ್ಲಿ, ಸರ್ನ್‌ನ ಎಲ್‌ಎಚ್‌ಸಿಬಿ ತಂಡದಿಂದ. 2021ರಲ್ಲಿ ಅದೇ ತಂಡ ಎರಡು ಚಾರ್ಮ್ ಕ್ವಾರ್ಕ್‌ಗಳಿರುವ ನಾಲ್ಕರ ಕಣವನ್ನೂ ತೋರಿಸಿತು.

ಈ ಐದೂ ಒಂದೇ ಉಂಡೆಯೋ, ಎರಡು ಮಾಮೂಲಿ ಕಣಗಳು ಅಂಟಿಕೊಂಡದ್ದೋ? ಜಗಳ ಇನ್ನೂ ಮುಗಿದಿಲ್ಲ. ಕ್ವಾರ್ಕ್‌ಗಳನ್ನು ಹಿಡಿದಿಡುವ ಪ್ರಬಲ ಬಲದ ಸಮೀಕರಣ ನಮಗೆ ಗೊತ್ತು, ಅದನ್ನು ಬಿಡಿಸುವುದೇ ಕಷ್ಟ. ಹಾಗಾಗಿ ಇಂಥ ವಿಚಿತ್ರ ಕಣಗಳೇ ಅದಕ್ಕೆ ಪರೀಕ್ಷೆ. ಪ್ರೋಟಾನಿನ ತೂಕದಲ್ಲಿ ಕ್ವಾರ್ಕ್‌ಗಳ ಸ್ವಂತ ಪಾಲು ಸುಮಾರು ಶೇ. 1 ಮಾತ್ರ, ಉಳಿದದ್ದೆಲ್ಲ ಒಳಗಿನ ಚಲನೆ ಮತ್ತು ಆ ಬಲದ ಶಕ್ತಿ. ಮಾವನ ಅಡಿಕೆ ಗೋಣಿಗೆ ತೂಕ ಎಲ್ಲಿಂದ ಬಂತು ಎಂಬುದೂ ಇದೇ ಪ್ರಶ್ನೆ.

ಇಂಥ ಪ್ರಶ್ನೆಗಳನ್ನು ನಮ್ಮ ನೆಲದಲ್ಲೂ ಕೇಳಿದ್ದಾರೆ. 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿ.ಮೀ.ಗೂ ಆಳದಲ್ಲಿ, ಪ್ರೋಟಾನ್ ಒಡೆಯುತ್ತದೆಯೇ ಎಂದು ವಿಜ್ಞಾನಿಗಳು ಕಾದು ಕೂತಿದ್ದರು. 2001ರಲ್ಲಿ ಗಣಿಯೇ ಮುಚ್ಚಿತು.

ಹಳದಿ ರೋಗದ ಸಂಶೋಧನೆಗೆ ಇನ್ನಷ್ಟು ಹಣ ಬೇಕೆಂದು ನಾವು ಜಗಳ ಮಾಡಲೇಬೇಕು. ಆದರೆ ಆ ಜಗಳ ಕ್ವಾರ್ಕ್ ಜೊತೆಗಲ್ಲ. ಭಾರತ ಎಲ್ಲ ಬಗೆಯ ಸಂಶೋಧನೆಗೆ ಒಟ್ಟು ಸೇರಿಸಿ ಖರ್ಚು ಮಾಡುವುದು ಜಿಡಿಪಿಯ ಶೇ. 1ಕ್ಕಿಂತ ಕಡಿಮೆ. ಕೇಳಬೇಕಾದ್ದು ಅದನ್ನು.